ಕಪ್ಪು ಒಂದರಲ್ಲಿ ಬೀಸುವ ಕಲ್ಲು

ಕಿಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಹೋದ ಯುಗಾದಿಗೆ ಅಲ್ಲಿಗೆ ಹೋಗಿದ್ದೆ. ಒಬ್ಬಟ್ಟಿನ ಊಟ ಮುಗಿಸಿ, ಜಗಲಿಯ ಕಂಬಕ್ಕೆ ಒರಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಎದುರಿಗೆ ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಒಂದು ಗಳಿಗೆ ನನ್ನನ್ನೇ ನೋಡಿ, ‘ಅದೇನ್ ಮಗ ಅಷ್ಟೊತ್ತಿಂದ ಕೇಳ್ತಾ ಕುಂತಿದ್ದೀಯ, ನಂಗೂ ಒಸಿ ಕೊಡು’ ಅಂದರು. ಒಂದು ತುದಿಯನ್ನು ಅವರ ಕಿವಿಗೆ ಇಟ್ಟೆ. ಅರ್ಧ ನಿಮಿಷಕ್ಕೆ ಕಿತ್ತು ಕೊಡುತ್ತಾರೆ ಅಂದುಕೊಂಡಿದ್ದೆ. ಕೊಡಲಿಲ್ಲ. ಹುಣಸೆಹಣ್ಣು ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ನಾಲ್ಕೈದು ನಿಮಿಷ ಕೇಳಿದ ಮೇಲೆ ಹೇಳಿದರು: ‘ಇದೇನ್ ಮಗ, ರಾಗಿಕಲ್ಲು ತಿರುಗ್ದಂಗೆ ಆಯ್ತದಲ್ಲ! ಆ ಕಲ್ಲಿನ್ ಮುಂದೆ ಯಾರೋ ಹೆಣ್ಮಗ್ಳು ಒಬ್ಳೇ ಕುಂತ್ಕಂಡು ಪದ ಹೇಳ್ತಾವ್ಳೆ.’

ಅವರು ಕೇಳುತ್ತಿದ್ದುದು ವಿಂಡ್‌ಹ್ಯಾಂಡ್ ಎಂಬ ತಂಡವನ್ನು. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್‌ಮಂಡ್ ನಗರದಲ್ಲಿ 2008ರಲ್ಲಿ ಹುಟ್ಟಿದ ತಂಡ ಅದು. ಹಾಡುವಾಕೆ ಡಾರ್ತಿಯಾ ಕಾಟ್ರೆಲ್. 2013ರಲ್ಲಿ ಬಂದ ‘ಸೋಮ’ ಎಂಬ ಅವರ ಆಲ್ಬಮ್ಮಿನಲ್ಲಿ ಅರ್ಧ ಗಂಟೆಯ ಒಂದು ಹಾಡೇ ಇದೆ. ಇಂಥ ಸಂಗೀತಕ್ಕೆ ಸ್ಟೋನರ್ ಮೆಟಲ್ ಎಂದೂ ಡೂಮ್ ಎಂದೂ ಹೆಸರು. ನಾನು ಹದಿನೈದು ವರ್ಷದಿಂದ ಇದನ್ನು ಕೇಳುತ್ತಿದ್ದೇನೆ, ಓದಿದ್ದೇನೆ, ಗೆಳೆಯರೊಂದಿಗೆ ರಾತ್ರಿಯೆಲ್ಲ ಚರ್ಚೆ ಮಾಡಿದ್ದೇನೆ. ಒಂದು ಸಲವೂ ನನಗೆ ರಾಗಿಕಲ್ಲು ನೆನಪಾಗಿರಲಿಲ್ಲ. ಅತ್ತೆಗೆ ಐದೇ ನಿಮಿಷ ಸಾಕಾಯಿತು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಅಂದಿನಿಂದ ಈ ಸಂಗೀತವನ್ನು ಬೇರೆಯೇ ಕಿವಿಯಿಂದ ಕೇಳುತ್ತಿದ್ದೇನೆ. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ಬಸ್ಸಿನಲ್ಲಿ ಓಡಾಡುವಾಗಲೆಲ್ಲ ನನ್ನದೇ ನೆಲದ ಸದ್ದುಗಳನ್ನೂ ಹೊಸದಾಗಿ ಕೇಳುತ್ತಿದ್ದೇನೆ.

ಈ ಸಂಗೀತದ ಬೇರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿದೆ. ಕಬ್ಬಿಣ, ತಗಡು, ಎಂಜಿನ್ನುಗಳ ಊರದು. ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ಕೆಲಸಕ್ಕಿದ್ದ. ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಕೈ ಸಿಕ್ಕಿ, ಬಲಗೈಯ ಎರಡು ಬೆರಳುಗಳ ತುದಿ ಹೋದವು. ಅವನು ಎಡಚ. ಗಿಟಾರಿನ ತಂತಿ ಒತ್ತುವ ಕೈಯೇ ಬಲಗೈ. ಆಸೆ ಬಿಟ್ಟು ಕೂತವನಿಗೆ ಕಾರ್ಖಾನೆಯ ಮೇಸ್ತ್ರಿ ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದನಂತೆ. ಬೆಂಕಿ ಅನಾಹುತದಲ್ಲಿ ಎರಡು ಬೆರಳು ಸ್ವಾಧೀನ ತಪ್ಪಿದ ಮೇಲೂ ಗಿಟಾರಿನಲ್ಲಿ ಅದ್ಭುತ ಸಾಧಿಸಿದ ವಾದಕ ಆತ. ಅಯೋಮಿ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡ. ಬಿಗಿ ತಂತಿ ಒತ್ತಿದರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. ಆಮೇಲೆ ಶ್ರುತಿಯನ್ನೂ ಇಳಿಸಿ ತಂತಿಗಳನ್ನು ಸಡಿಲಿಸಿದ. ಸಡಿಲಿಸಿದಷ್ಟೂ ಸದ್ದು ಕೆಳಗಿಳಿಯಿತು, ದಪ್ಪವಾಯಿತು, ಭಾರವಾಯಿತು. 1970ರ ಫೆಬ್ರವರಿ 13ರಂದು ಅವನ ತಂಡ ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಮ್ ಬಂತು. ಹೆವಿ ಮೆಟಲ್ ಅನ್ನುವುದರ ಹುಟ್ಟುಹಬ್ಬ ಅದು ಎಂದು ಬಹಳ ಜನ ಒಪ್ಪುತ್ತಾರೆ.

ಈ ಕತೆ ಓದಿದಾಗಲೆಲ್ಲ ನನಗೆ ನೆನಪಾಗುವುದು ಆಲೆಮನೆ. ಪಾಂಡವಪುರದ ಸುತ್ತ ಹುಟ್ಟಿ ಬೆಳೆದವರಿಗೆ ಗಾಣಕ್ಕೆ ಕಬ್ಬು ಕೊಡುವಾಗ ಬೆರಳು ಕಳೆದುಕೊಂಡವರು ಒಬ್ಬರಾದರೂ ಗೊತ್ತಿರುತ್ತಾರೆ. ನಮ್ಮ ಬೀದಿಯಲ್ಲೂ ಒಬ್ಬರಿದ್ದರು. ಮೂರು ಬೆರಳಿನಲ್ಲೇ ಬೀಡಿ ಕಟ್ಟು ಬಿಚ್ಚುತ್ತಿದ್ದರು, ಭಜನೆಯಲ್ಲಿ ತಾಳವನ್ನೂ ಹಾಕುತ್ತಿದ್ದರು. ಆಲೆಮನೆಯಲ್ಲಿ ಕಾಲ ನಡೆಯುವ ರೀತಿಯೂ ಈ ಸಂಗೀತದ್ದೇ. ಕೊಪ್ಪರಿಗೆಯ ಕಬ್ಬಿನ ಹಾಲು ಮೊದಲು ನೊರೆ ಎದ್ದು ಗಲಗಲ ಎನ್ನುತ್ತದೆ. ಪಾಕ ಗಟ್ಟಿಯಾದಂತೆ ಗುಳ್ಳೆ ಒಡೆಯುವುದು ನಿಧಾನವಾಗುತ್ತದೆ, ಒಂದೊಂದು ಗುಳ್ಳೆಯೂ ದಪ್ಪಗೆ ಎದ್ದು ‘ಗೊಳಕ್’ ಎಂದು ಮುಳುಗುತ್ತದೆ. ವೇಗದ ಮೆಟಲ್ ಹಾಡುಗಳು ನಿಮಿಷಕ್ಕೆ ಇನ್ನೂರು ಪೆಟ್ಟಿನಲ್ಲಿ ಓಡಿದರೆ, ಡೂಮ್ ಮತ್ತು ಸ್ಟೋನರ್ ಹಾಡುಗಳು ಅರವತ್ತು ಎಪ್ಪತ್ತರಲ್ಲಿ ಕುದಿಯುತ್ತವೆ. ಪಾಕ ಇಳಿಸುವ ಹದ ಅದು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿಗೆ ಅಯೋಮಿ ತಂತಿಗಳನ್ನು ಮೂರು ಸ್ವರಸ್ಥಾನ ಕೆಳಗಿಳಿಸಿದ. ಇ ಎಂಬ ಶ್ರುತಿಯಲ್ಲಿದ್ದ ದಪ್ಪ ತಂತಿ ಸಿ ಶಾರ್ಪ್‌ಗೆ ಬಂತು. ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತಿದ್ದದ್ದು 69ಕ್ಕೆ ಇಳಿಯಿತು. ಈ ಸಿ ಶಾರ್ಪ್ ಎಂದರೆ ಯಾವುದು? ನಮ್ಮ ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳ ಬಾಯಲ್ಲಿ ಅದು ‘ಕಪ್ಪು ಒಂದು’. ಮಂಡ್ಯ ಜಿಲ್ಲೆಯ ಯಾವ ಹಳ್ಳಿಯ ನಾಟಕದ ಕೊಟ್ಟಿಗೆಗೆ ಹೋಗಿ ‘ಕಪ್ಪು ಒಂದು ಹಿಡೀರಿ ಮೇಷ್ಟ್ರೇ’ ಅಂದರೂ ಬೆರಳು ನೇರವಾಗಿ ಆ ಮನೆಯ ಮೇಲೆ ಹೋಗಿ ಕೂರುತ್ತದೆ. ಐವತ್ತು ವರ್ಷದಿಂದ ಜಗತ್ತಿನ ಎಷ್ಟೋ ಭಾರದ ತಂಡಗಳು ನೆಚ್ಚಿಕೊಂಡ ಶ್ರುತಿಗೆ ನಮ್ಮಲ್ಲಿ ಆಗಲೇ ಇಷ್ಟು ಸಲೀಸಾದ ಹೆಸರಿದೆ.

ಸ್ಟೋನರ್ ಎಂಬ ಮಾತಿಗೂ ಕಲ್ಲಿಗೂ ನೇರ ಸಂಬಂಧವಿಲ್ಲ, ಅದು ಗಾಂಜಾದ ಅಮಲಿಗೆ ಸೇರಿದ ಮಾತು. ಆ ಹಸಿರೆಲೆಯನ್ನು ಹೊಗಳುವ ಹಾಡಿನಿಂದಲೇ ಸಬಾತ್‌ನ ಮೂರನೆಯ ಆಲ್ಬಮ್ ಶುರುವಾಗುತ್ತದೆ, ಅದೂ ಒಂದು ಕೆಮ್ಮಿನೊಂದಿಗೆ. ಸ್ಲೀಪ್ ಎಂಬ ತಂಡವಂತೂ ಅದೇ ವಿಷಯದ ಮೇಲೆ ಒಂದು ಗಂಟೆಗೂ ಮೀರಿದ ಒಂದೇ ಹಾಡನ್ನು ಕಟ್ಟಿತು. ನನಗೆ ಆ ಅಮಲು ಬೇಕಾಗಿಲ್ಲ, ಅತ್ತೆಗೂ ಬೇಕಾಗಲಿಲ್ಲ. ಸದ್ದಿಗೇ ಅಷ್ಟು ತೂಕವಿದೆ.

ತೊಂಬತ್ತರ ದಶಕದಲ್ಲಿ ಈ ಬಗೆಯ ಸಂಗೀತಕ್ಕೆ ಹೊಸ ಜೀವ ಬಂದದ್ದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ. ಪಾಮ್ ಡೆಸರ್ಟ್ ಎಂಬ ಊರಿನ ಹುಡುಗರಿಗೆ ಹಾಡಲು ಸಭಾಂಗಣವಿರಲಿಲ್ಲ. ಜನರೇಟರ್ ಹೊತ್ತುಕೊಂಡು ಬಂಡೆಗಳ ನಡುವೆ ಹೋಗಿ, ರಾತ್ರಿಯಿಡೀ ನುಡಿಸಿದರು. ಕೈಯಸ್ ಎಂಬ ತಂಡ ಹಾಗೆ ಬೆಳೆಯಿತು. ಅದರ ಗಿಟಾರ್ ವಾದಕ ಜಾಶ್ ಹೋಮ್ ಗಿಟಾರಿನ ವೈರನ್ನು ಬೇಸ್ ಗಿಟಾರಿನ ಆಂಪ್ಲಿಫೈಯರಿಗೆ ಸಿಕ್ಕಿಸಿ, ನೆಲ ನಡುಗುವಂಥ ದಪ್ಪ ಸದ್ದು ತೆಗೆದ. 1992ರಲ್ಲಿ ಬಂದ ಅವರ ‘ಬ್ಲೂಸ್ ಫಾರ್ ದಿ ರೆಡ್ ಸನ್’ ಇಂದಿಗೂ ಈ ದಾರಿಯ ಮೈಲಿಗಲ್ಲು. ಬಂಡೆ, ಜನರೇಟರ್, ಇಡೀ ರಾತ್ರಿ. ಊರಹಬ್ಬದಲ್ಲಿ, ಹರಿಸೇವೆಯಲ್ಲಿ ಬೆಳೆದವರಿಗೆ ಇದರಲ್ಲಿ ಹೊಸದೇನಿದೆ? ನಮ್ಮ ಪಾಂಡವಪುರಕ್ಕೆ ಹಿಂದೆ ಇದ್ದ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆಗಳು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಕುಂತಿಬೆಟ್ಟದ ಬುಡದಲ್ಲಿ ನಿಂತು ಆ ಬೋಳುಬಂಡೆಗಳನ್ನು ನೋಡಿದರೆ, ಕೈಯಸ್‌ನ ಹುಡುಗರು ಇಲ್ಲೇ ಜನರೇಟರ್ ಇಳಿಸಿಬಿಡುತ್ತಿದ್ದರು ಅನ್ನಿಸುತ್ತದೆ.

ಇನ್ನು ದನಿಯ ವಿಚಾರ. ನಾನು ಈ ಲೇಖನಕ್ಕೆ ಕೈ ಹಾಕಿದ್ದೇ ಅದಕ್ಕಾಗಿ.

ಭಾರದ ಗಿಟಾರಿಗೆ ಗಂಡಸಿನ ಕೂಗೇ ಸರಿ ಎಂಬ ನಂಬಿಕೆ ಬಹುಕಾಲದಿಂದ ಇದೆ. ಕಿವಿಕೊಟ್ಟು ಕೇಳಿದರೆ ಅದು ನಿಲ್ಲುವುದಿಲ್ಲ. ಶ್ರುತಿ ಇಳಿಸಿದ ಗಿಟಾರ್, ಅದರ ಕೆಳಗೆ ಇನ್ನೂ ಒಂದು ಸ್ಥಾಯಿ ಇಳಿದ ಬೇಸ್, ಎರಡಕ್ಕೂ ಸದ್ದನ್ನು ಒರಟಾಗಿಸುವ ಫಝ್ ಪೆಡಲಿನ ಗೊಗ್ಗರು. ಇವೆಲ್ಲ ಸೇರಿ ಕೆಳಗಿನ ಜಾಗವನ್ನು ಪೂರ್ತಿ ತುಂಬಿಬಿಡುತ್ತವೆ. ಗಂಡಸಿನ ದನಿಯ ತಳವೂ ಅಲ್ಲೇ ಸುತ್ತಮುತ್ತ ಇರುವುದರಿಂದ ಅವನು ಆ ಗೋಡೆಯೊಳಗೆ ಗುದ್ದಾಡಬೇಕು, ಅರಚಬೇಕು. ಹೆಂಗಸಿನ ದನಿ ಅದಕ್ಕಿಂತ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲೆ ನಿಲ್ಲುತ್ತದೆ. ಅವಳು ಅರಚಬೇಕಾಗಿಲ್ಲ. ತುಂಬು ಎದೆಯಿಂದ ಎಳೆದು ಹಾಡಿದರೆ ಸಾಕು, ಮೋಡದ ಮೇಲೆ ಗರುಡ ತೇಲಿದಂತೆ ದನಿ ತೇಲುತ್ತದೆ. ಕೆಳಗೆ ಭಾರ ಹೆಚ್ಚಿದಷ್ಟೂ ಮೇಲಿನ ದನಿ ದೊಡ್ಡದಾಗಿ ಕೇಳುತ್ತದೆ. ಲಯ ನಿಧಾನವಾದ್ದರಿಂದ ಸ್ವರವನ್ನು ಎಳೆಯಲು ಜಾಗವಿದೆ, ಉಸಿರು ಮುಗಿಯುವವರೆಗೂ ಎಳೆಯಬಹುದು. ಆದರೆ ಅಷ್ಟು ಉಸಿರು ಇರಬೇಕು. ಈ ಸಂಗೀತ ಪುಟ್ಟ ಗಂಟಲನ್ನು ಬಚ್ಚಿಟ್ಟುಕೊಳ್ಳುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಆಸಿಡ್ ಕಿಂಗ್ ತಂಡದ ಲೋರಿ ಎಸ್. 1993ರಿಂದ ಗಿಟಾರನ್ನೂ ತಾನೇ ಹಿಡಿದು, ಹಾಡನ್ನೂ ತಾನೇ ಹೇಳುತ್ತ ಬಂದಿದ್ದಾಳೆ. 1999ರ ‘ಬಸ್ಸಿ ವುಡ್ಸ್’ನಲ್ಲಿ ಅವಳ ದನಿ ದೂರದ ಹೊಲದಿಂದ ಗಾಳಿಯಲ್ಲಿ ಬಂದಂತೆ ಬರುತ್ತದೆ. ಕೆನಡಾದ ಟೊರಾಂಟೊ ನಗರದ ಬ್ಲಡ್ ಸೆರೆಮನಿಯಲ್ಲಿ ಆಲಿಯಾ ಓಬ್ರಯನ್ ಹಾಡುತ್ತಾಳೆ, ಆರ್ಗನ್ ನುಡಿಸುತ್ತಾಳೆ, ನಡುವೆ ಕೊಳಲೂ ಊದುತ್ತಾಳೆ. ಅಟ್ಲಾಂಟಾದ ರಾಯಲ್ ಥಂಡರ್‌ನ ಮೆಲನಿ ಪಾರ್ಸನ್ಸ್ ಬೇಸ್ ಗಿಟಾರ್ ಹಿಡಿದು ಎದೆ ಬಿರಿಯುವಂತೆ ಹಾಡಿದರೆ ಚರ್ಚಿನ ಹಾಡು, ಬ್ಲೂಸ್ ಎಲ್ಲವೂ ಕೇಳುತ್ತವೆ. ಇವರ್ಯಾರೂ ತಂಡದ ಅಲಂಕಾರಕ್ಕೆ ನಿಂತವರಲ್ಲ. ತಂಡವನ್ನು ತಿರುಗಿಸುವ ಗೂಟವೇ ಇವರು.

ಗೂಟ ಎಂದೆ. ರಾಗಿಕಲ್ಲಿನ ಗೂಟದ ನೆನಪಿನಲ್ಲೇ ಎಂದೆ. ಅದನ್ನು ಕಾಣದ ಮಕ್ಕಳು ಈಗ ಹಳ್ಳಿಯಲ್ಲೂ ಇದ್ದಾರೆ. ಕೆಳಗೊಂದು ಕಲ್ಲು ಕದಲದೆ ಕೂತಿರುತ್ತದೆ. ಮೇಲಿನ ಕಲ್ಲಿನ ನಡುವೆ ರಾಗಿ ಸುರಿಯುವ ಕಣ್ಣು, ಅಂಚಿನಲ್ಲಿ ಮರದ ಗೂಟ. ಇಬ್ಬರು ಹೆಂಗಸರು ಎದುರುಬದರು ಕೂತು ಒಂದೇ ಗೂಟ ಹಿಡಿದು ತಿರುಗಿಸುತ್ತಾರೆ. ಕೋಳಿ ಕೂಗುವ ಮೊದಲೇ ಎದ್ದು ಕೂರಬೇಕಿತ್ತು, ಇಲ್ಲದಿದ್ದರೆ ಆ ದಿನದ ಮುದ್ದೆಗೆ ಹಿಟ್ಟಿಲ್ಲ. ಕಲ್ಲು ತಿರುಗಿದಂತೆ ಗುಡುಗುಡು ಎಂದು ನೆಲ ಹಿಡಿದು ಬರುವ ಸದ್ದು ಗಂಟೆಗಟ್ಟಲೆ ನಿಲ್ಲುತ್ತಿರಲಿಲ್ಲ. ಅದರ ಮೇಲೆ ಒಬ್ಬಳು ಪದ ಎತ್ತುತ್ತಾಳೆ, ಇನ್ನೊಬ್ಬಳು ಸೊಲ್ಲು ಕೊಡುತ್ತಾಳೆ. ಕಲ್ಲಿನ ಸದ್ದನ್ನು ಮೀರಿ ಕೇಳಬೇಕಾದರೆ ದನಿ ಎದೆಯಿಂದ ಬರಬೇಕು. ಸುತ್ತಿಗೆ ತಕ್ಕ ಉಸಿರು, ಉಸಿರಿಗೆ ತಕ್ಕ ಸಾಲು. ಅತ್ತೆ ಕೇಳಿಸಿಕೊಂಡದ್ದು ಇದನ್ನೇ. ಕೆಳಗೆ ಎಡೆಬಿಡದ ಭಾರ, ಮೇಲೆ ದಣಿವನ್ನೂ ದುಃಖವನ್ನೂ ಹೊತ್ತ ಹೆಣ್ಣುದನಿ. ಕರೆಂಟಿಲ್ಲದ ಕಾಲದಲ್ಲಿ ಮನೆಮನೆಯಲ್ಲೂ ಬೆಳಗಿನ ಜಾವಕ್ಕೆ ನಡೆಯುತ್ತಿದ್ದ ಕಛೇರಿ ಅದು, ಕೇಳುವವರು ಮಾತ್ರ ಕಂಬಳಿ ಹೊದ್ದು ಮಲಗಿರುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂತು. ರಟ್ಟೆಗೆ ಬಿಡುವು ಸಿಕ್ಕಿತು, ಅದು ಸಿಗಲೇಬೇಕಿತ್ತು. ಪದಗಳು ಮಾತ್ರ ಗೂಟದ ಜೊತೆಗೇ ಮೂಲೆ ಸೇರಿದವು.

ಅವು ಪೂರ್ತಿ ಹೋಗದಂತೆ ತಡೆದವರಲ್ಲಿ ದೊಡ್ಡವರು ಇದೇ ನೆಲದವರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದರೂ ಮನಸ್ಸು ಹಳ್ಳಿಯ ಹಾಡಿನಲ್ಲೇ ಇತ್ತು. ‘ಪದವವೆ ನಮ್ಮ ಎದೆಯಲ್ಲಿ’, ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂಬ ಅವರ ಸಂಗ್ರಹಗಳಲ್ಲಿ ಹೆಂಗಸರ ಬಾಯಿಯ ಸಾಹಿತ್ಯ ಉಳಿದುಕೊಂಡಿದೆ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಆಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು. ಚಿಕ್ಕಮ್ಮ ಎಂಬ ಹಾಡುಗಾತಿಯ ಹೆಸರನ್ನು ಪುಸ್ತಕದ ರಕ್ಷಾಪುಟದ ಮೇಲೆ ಇಟ್ಟರಲ್ಲ, ಅದಕ್ಕಾಗಿ ನಾನು ಅವರಿಗೆ ಕೈ ಮುಗಿಯುತ್ತೇನೆ. ಹಾಡಿದವಳ ಹೆಸರನ್ನು ನಮ್ಮಲ್ಲಿ ಯಾರು ಬರೆದಿಟ್ಟುಕೊಳ್ಳುತ್ತಾರೆ?

ಬೆಂಗಳೂರಿಗೆ ಬರೋಣ. ಭಾರತದಲ್ಲಿ ಹೆವಿ ಮೆಟಲ್‌ಗೆ ರಾಜಧಾನಿಯಂಥ ಊರು ಯಾವುದೆಂದರೆ ಬೆಂಗಳೂರು ಎನ್ನುವವರೇ ಹೆಚ್ಚು. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಅರಮನೆ ಮೈದಾನದಲ್ಲಿ ನುಡಿಸಿತು. 2011ರ ಅಕ್ಟೋಬರ್ 30ರಂದು ಅಲ್ಲಿಗೇ ಮೆಟಾಲಿಕಾ ಬಂತು. 1998ರಲ್ಲಿ ಶುರುವಾದ ಇಲ್ಲಿನ ಕ್ರಿಪ್ಟಾಸ್ ತಂಡ ಇಂದಿಗೂ ಯುರೋಪಿನ ವೇದಿಕೆಗಳಲ್ಲಿ ಬೆಂಗಳೂರಿನ ಹೆಸರು ಹೇಳುತ್ತಿದೆ. ಸ್ಟೋನರ್ ಡೂಮ್‌ನ ಮಾತಿಗೆ ಬಂದರೆ ಮೊದಲು ಬರುವ ಹೆಸರು ಬೇವರ್ ಸೀ. ಇಂಗ್ಲಿಷಿನಲ್ಲಿ ಸಮುದ್ರದ ಹೆಸರಿನಂತೆ ಬರೆಯುತ್ತಾರೆ, ಬಾಯಲ್ಲಿ ಓದಿದರೆ ನಮ್ಮ ಬೈಗುಳ ‘ಬೇವರ್ಸಿ’. ವಾರಸುದಾರರಿಲ್ಲದವನು ಎಂಬ ಅರ್ಥದ ಪಾರ್ಸಿ ಮಾತು ಕನ್ನಡದ ಬೀದಿಯಲ್ಲಿ ಬೈಗುಳವಾಗಿ, ಅಲ್ಲಿಂದ ಡೂಮ್ ತಂಡದ ಹೆಸರಾಗಿದೆ. 2012ರಲ್ಲಿ ಅವರ ಮೊದಲ ಆಲ್ಬಮ್, 2015ರಲ್ಲಿ ಎರಡನೆಯದು ಬಂತು. ಅಯೋಮಿಯ ಶಾಲೆಯಲ್ಲಿ ಕಲಿತ ನಿಧಾನ, ದಪ್ಪ, ಬೆವರಿನ ಸದ್ದು ಅವರದು. ದ್ವೇಷ ಎಂಬ ಇನ್ನೊಂದು ತಂಡವಂತೂ ಕನ್ನಡದಲ್ಲೇ ಡೆತ್ ಮೆಟಲ್ ಹಾಡಿತು. ಹೊಯ್ಸಳ ವಂಶದ ಸಳನ ಮೇಲೂ ಉಗ್ರನರಸಿಂಹನ ಮೇಲೂ ಅವರ ಹಾಡುಗಳಿವೆ. ಹೊಸಹೊಳಲು ಲಕ್ಷ್ಮೀನಾರಾಯಣ ಗುಡಿಯ ಸುತ್ತ ಆನೆಗಳ ಸಾಲು ನೋಡುತ್ತ, ಕಿವಿಯಲ್ಲಿ ಆ ಹಾಡುಗಳನ್ನು ಕೇಳಿದ್ದೇನೆ. ಎರಡಕ್ಕೂ ಒಂದೇ ತೂಕ.

ಈ ತಂಡಗಳ ಮೇಲೆ ನನಗೆ ಪ್ರೀತಿ ಇದೆ, ಅಭಿಮಾನವೂ ಇದೆ. ಆದರೆ ಇವೆಲ್ಲದರ ಮೈಕು ಗಂಡಸರ ಕೈಯಲ್ಲಿದೆ. ಮೈಂಡ್‌ಸ್ನೇರ್ ಎಂಬ ಬೆಂಗಳೂರಿನ ಡೆತ್ ಮೆಟಲ್ ತಂಡದಲ್ಲಿ ಯಾಸ್ಮಿನ್ ಕ್ಲೇರ್ ಡ್ರಮ್ಸ್ ಬಾರಿಸುವುದನ್ನು ನೋಡಿದವರು ಅವಳ ಕಾಲಿನ ವೇಗವನ್ನು ಮರೆತಿಲ್ಲ. ಹೆಣ್ಣಿನ ರಟ್ಟೆ ಆ ಕೆಲಸ ಮಾಡಬಲ್ಲದು ಎಂದು ಆಗಲೇ ತೋರಿಸಿಯಾಗಿದೆ. ಡ್ರಮ್ಸಿನ ಹಿಂದಿನಿಂದ ಮೈಕಿನ ಮುಂದಕ್ಕೆ ಬರುವ ಆ ನಾಲ್ಕು ಹೆಜ್ಜೆಯ ದಾರಿ ಮಾತ್ರ ಬಹಳ ಉದ್ದವಾಗಿದೆ.

ಹಾಗಾದರೆ ದನಿ ಎಲ್ಲಿದೆ? ನಮ್ಮ ನಾಟಕದ ಬಯಲಿಗೆ ಬನ್ನಿ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವುದು ಇವತ್ತಿಗೂ ನಿಂತಿಲ್ಲ. ದುರ್ಯೋಧನ, ಭೀಮ, ಕೃಷ್ಣನ ಪಾತ್ರಕ್ಕೆ ಊರಿನ ಗಂಡಸರೇ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ದ್ರೌಪದಿ, ಕುಂತಿ, ಉತ್ತರೆಗೆ ಮಾತ್ರ ಮಂಡ್ಯ, ಮೈಸೂರು, ತುಮಕೂರಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಅವತ್ತೇ ಸಂಜೆ ಬಸ್ಸಿಳಿಯುತ್ತಾರೆ. ಮೇಷ್ಟ್ರ ಪಕ್ಕ ಕೂತು ಒಂದೆರಡು ಮಟ್ಟು ಸರಿನೋಡಿಕೊಳ್ಳುತ್ತಾರೆ, ಬಣ್ಣ ಹಚ್ಚಿ ರಂಗಕ್ಕೆ ಬರುತ್ತಾರೆ. ರಾತ್ರಿ ಒಂಬತ್ತಕ್ಕೆ ಶುರುವಾದದ್ದು ಬೆಳಕು ಹರಿಯುವವರೆಗೆ. ಚಿಕ್ಕವಳಿದ್ದಾಗ ಚಾಪೆಯ ಮೇಲೆ ನಿದ್ದೆ ಹೋಗಿರುತ್ತಿದ್ದ ನನ್ನನ್ನು ಎಬ್ಬಿಸುತ್ತಿದ್ದದ್ದು ವಸ್ತ್ರಾಪಹರಣದ ದ್ರೌಪದಿಯ ದನಿ. ಕಾಲು ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕೊರಗುತ್ತಿರುತ್ತದೆ, ತಬಲಾ ನಿಂತಿರುತ್ತದೆ. ಆಕೆ ತೂಗುಮೈಕಿನ ಕಡೆ ನೋಡುವುದೇ ಇಲ್ಲ, ತಲೆ ಎತ್ತಿ ಕೃಷ್ಣನನ್ನು ಕೂಗುತ್ತಾಳೆ. ಆ ಕೂಗು ಗದ್ದೆ ದಾಟಿ, ನಾಲೆ ಏರಿ, ಆಚೆ ಊರಿನ ನಾಯಿಗಳನ್ನೂ ಎಬ್ಬಿಸುತ್ತಿತ್ತು. ಇಂಥ ಗಂಟಲು ರಿಚ್‌ಮಂಡ್‌ನಲ್ಲಿ ಇದ್ದಿದ್ದರೆ ಅದರ ಹಿಂದೆ ಎರಡು ಗಿಟಾರ್ ಬಂದು ನಿಲ್ಲುತ್ತಿದ್ದವು.

ಬೆಳಿಗ್ಗೆ ಆಕೆ ಮುಖ ತೊಳೆದು, ಸಂಭಾವನೆ ಎಣಿಸಿ, ಮೊದಲ ಬಸ್ಸಿಗೆ ಕೈ ಒಡ್ಡಿ ನಿಲ್ಲುವುದನ್ನೂ ನೋಡಿದ್ದೇನೆ. ರಾತ್ರಿ ಕಣ್ಣೀರಿಟ್ಟ ಊರು ಬೆಳಿಗ್ಗೆ ಆಕೆಯನ್ನು ಓರೆಗಣ್ಣಿನಿಂದ ನೋಡುತ್ತದೆ. ಆರ್ಕೆಸ್ಟ್ರಾದ ‘ಲೇಡಿ ಸಿಂಗರ್’ ಪಾಡೂ ಬೇರೆಯಲ್ಲ. ಗಣಪತಿ ಹಬ್ಬದ ಲಾರಿ ವೇದಿಕೆಯ ಮೇಲೆ ಒಂದೇ ರಾತ್ರಿಗೆ ನಾಲ್ಕು ದಶಕದ ಸಿನಿಮಾ ಹಾಡು ಹಾಡಿ, ಶಿಳ್ಳೆಗಳ ನಡುವೆ ಶ್ರುತಿ ಬಿಡದೆ ನಿಲ್ಲುವುದಕ್ಕೆ ಎಷ್ಟು ಗಟ್ಟಿ ಗುಂಡಿಗೆ ಬೇಕು ಎಂದು ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ.

ಹೆಣ್ಣಿನ ದನಿ ಅಂದರೆ ಜೇನಿನಂತೆ ಇರಬೇಕು, ತೆಳ್ಳಗೆ ಇರಬೇಕು ಎಂಬ ರುಚಿಯನ್ನು ನಮಗೆ ಸಿನಿಮಾ ಕಲಿಸಿದೆ. ಅದರಾಚೆಯ ದನಿ ಈ ನಾಡಿಗೆ ಹೊಸದೇನಲ್ಲ. ಗಂಗೂಬಾಯಿ ಹಾನಗಲ್ಲರ ಗಂಟಲು ಒಂದು ಚಿಕಿತ್ಸೆಯ ಮೇಲೆ ದಪ್ಪವಾಯಿತು. ರೇಡಿಯೊದಲ್ಲಿ ಕೇಳಿದವರು ಗಂಡಸು ಹಾಡುತ್ತಿದ್ದಾರೆ ಅಂದುಕೊಳ್ಳುವಷ್ಟು ಇಳಿಯಿತು. ಅವರು ಅದನ್ನು ಮುಚ್ಚಿಡಲಿಲ್ಲ. ಸವಾಯಿ ಗಂಧರ್ವರಿಂದ ಕಲಿತ ಕಿರಾಣಾ ಘರಾಣೆಯ ನಿಧಾನದ ಆಲಾಪಕ್ಕೆ ಆ ಭಾರವನ್ನೇ ಬಂಡವಾಳ ಮಾಡಿಕೊಂಡರು. ವಿಳಂಬಿತದಲ್ಲಿ ಒಂದು ಸ್ವರದ ಮೇಲೆ ಅವರು ನಿಂತರೆ ಬಂಡೆಯೊಂದು ನಿಂತಂತೆ. ಅಯೋಮಿಯ ಬೆರಳಿಗೂ ಗಂಗೂಬಾಯಿಯ ಗಂಟಲಿಗೂ ಬಂದ ಪೆಟ್ಟು ಎರಡು ಹೊಸ ಸದ್ದುಗಳನ್ನು ಕೊಟ್ಟಿತು. ದರೋಜಿ ಈರಮ್ಮನವರು ಬುರ್ರಕಥೆ ಹೇಳುವಾಗ ಪಕ್ಕದಲ್ಲಿ ಚರ್ಮವಾದ್ಯ ಬಾರಿಸುತ್ತಿದ್ದವರೂ ಹೆಂಗಸರೇ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಂಗದ ಮೇಲೆ ದನಿ ಎತ್ತಿದರೆ ಮೈಕು ಬೇಕೆನಿಸುವುದಿಲ್ಲ.

ಭಾರದ ಸದ್ದು ಯಾರ ಕೈಯಲ್ಲಿತ್ತು ಎಂಬುದನ್ನೂ ಹೇಳದೆ ಮುಂದೆ ಹೋಗಬಾರದು. ನಾಗಮಂಗಲದ ಸೀಮೆಯಲ್ಲಿ ಪೂಜಾಕುಣಿತ, ಸೋಮನ ಕುಣಿತ ಬಂತೆಂದರೆ ಎದೆಗೆ ಗುದ್ದುವುದು ತಮಟೆ, ನಗಾರಿ. ಸೋಗೆ ಉರಿಸಿ ಚರ್ಮ ಕಾಯಿಸಿ ಶ್ರುತಿ ಏರಿಸುತ್ತಾರೆ. ಬರ್ಮಿಂಗ್‌ಹ್ಯಾಂನವನು ಸಡಿಲಿಸಿ ಪಡೆದ ಗುಡುಗನ್ನು ನಮ್ಮವರು ಬಿಗಿದು ಪಡೆದರು. ಆ ಗುಡುಗನ್ನು ಸಾಕಿ ಉಳಿಸಿದವರು ದಲಿತ ಕೇರಿಯವರು. ದೇವರು ಅವರ ಸದ್ದಿಗೆ ಕುಣಿಯಬೇಕು, ಅವರು ಮಾತ್ರ ಗುಡಿಯ ಹೊರಗೆ ನಿಲ್ಲಬೇಕು ಎಂಬ ಕಟ್ಟಳೆ ಬಹಳ ಕಾಲ ನಡೆಯಿತು. ಆ ಕೇರಿಯ ಹೆಣ್ಣುಮಗಳಿಗಂತೂ ತಮಟೆಯೂ ದೂರ, ಗುಡಿಯೂ ದೂರ. ಭಾರದ ತಂಡದ ಮುಂದೆ ಹೆಣ್ಣು ನಿಲ್ಲಬೇಕು ಎಂದು ನಾನು ಹಂಬಲಿಸುವಾಗ ಅವಳನ್ನೂ ನೆನೆಯುತ್ತೇನೆ.

ಶ್ರೀರಂಗಪಟ್ಟಣದ ಒಂದು ವಸ್ತುವಿನ ಬಗ್ಗೆಯೂ ಇಲ್ಲಿ ಹೇಳಬೇಕು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಟಿಪ್ಪುವಿನ ಅರಮನೆಯಲ್ಲಿ ಇಂಗ್ಲಿಷರಿಗೆ ಮರದ ಹುಲಿಯೊಂದು ಸಿಕ್ಕಿತು. ಅಂಗಾತ ಬಿದ್ದ ಬಿಳಿಯನ ಮೇಲೆ ಎರಗಿದ ಹುಲಿ ಅದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದಿ, ಹುಲಿಯಿಂದ ಗುರುಗುಟ್ಟುವ ಸದ್ದೂ ಮನುಷ್ಯನಿಂದ ಗೋಳಿನ ಸದ್ದೂ ಬರುತ್ತವೆ. ಪಕ್ಕೆಯ ಬಾಗಿಲು ತೆರೆದರೆ 18 ಗುಂಡಿಗಳ ಪುಟ್ಟ ಆರ್ಗನ್. ಕೆಳಗೊಂದು ಗುರುಗು, ಮೇಲೊಂದು ಕೂಗು. ನಮ್ಮ ದ್ವೀಪದಿಂದ ಹೋದ ಆ ಯಂತ್ರವೂ ತಿರುಗುವುದು ರಾಗಿಕಲ್ಲಿನಂತೆ ಒಂದು ಹಿಡಿಯಿಂದಲೇ.

ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಒಂದು ತಂಡದಲ್ಲಿ ಹಾಡಲು ಕೇಳಿದ್ದೆ. ‘ಹೆವಿ ಹಾಡು ನಿನಗಾಗಲ್ಲ, ಕೋರಸ್ಸಿಗೆ ಬಾ’ ಅಂದರು. ಕೋರಸ್ಸಿಗೆ ಹೋದೆ, ಎರಡು ಸಲ. ಅಭ್ಯಾಸ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತಿತ್ತು. ಮೂರನೆಯ ಸಲ ಮನೆಯಲ್ಲಿ ಬಿಡಲಿಲ್ಲ. ಅಷ್ಟೇ ಕತೆ. ಎಷ್ಟೋ ಹುಡುಗಿಯರ ಸಂಗೀತ ನಿಂತದ್ದು ಗಂಟಲು ಸಾಲದೆ ಅಲ್ಲ, ಕೊನೆಯ ಬಸ್ಸು ತಪ್ಪಿ.

ಆದ್ದರಿಂದ ನನಗೆ ಬೇಕಾದ ತಂಡವನ್ನು ಬಹಳ ಖಚಿತವಾಗಿ ಕಲ್ಪಿಸಿಕೊಂಡಿದ್ದೇನೆ. ಕಪ್ಪು ಒಂದಕ್ಕೆ ಇಳಿಸಿದ ಎರಡು ಗಿಟಾರ್, ಒಂದು ಬೇಸ್, ಡ್ರಮ್ಸಿನ ಪಕ್ಕದಲ್ಲೇ ಕಾಯಿಸಿದ ಒಂದು ತಮಟೆ. ಮುಂದೆ, ದ್ರೌಪದಿಯ ಪಾತ್ರ ಮಾಡಿ ಹಣ್ಣಾದ ಗಂಟಲಿನ ಒಬ್ಬಾಕೆ. ಅವಳಿಗೆ ಇಂಗ್ಲಿಷು ಬೇಡ, ಕರಿ ಬಟ್ಟೆಯ ವೇಷವೂ ಬೇಡ. ಕಂದಪದ್ಯ ಎಳೆಯುವ ಹಾಗೆ ಎಳೆದರೆ ಸಾಕು, ಕಂದಕ್ಕೆ ತಾಳದ ಕಟ್ಟಿಲ್ಲ, ಡೂಮ್‌ಗೆ ಆತುರವಿಲ್ಲ, ಇಬ್ಬರೂ ಹೊಂದಿಕೊಳ್ಳುತ್ತಾರೆ. ಅಭ್ಯಾಸ ಹಗಲಿನಲ್ಲಿ ನಡೆಯಲಿ. ಸಂಭಾವನೆ ಗಿಟಾರಿನವನಷ್ಟೇ ಅವಳಿಗೂ ಇರಲಿ. ಪೋಸ್ಟರಿನ ಮೇಲೆ ಅವಳ ಹೆಸರು ಪೂರ್ತಿ ಇರಲಿ. ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿಯನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಹೆಂಗಸು. ಎಂಟುನೂರೈವತ್ತು ವರ್ಷದ ಮೇಲೂ ಆ ಹೆಸರು ನಮಗೆ ಗೊತ್ತಿರುವುದು ಕಲ್ಲಿನಲ್ಲಿ ಬರೆಸಿಟ್ಟಿದ್ದರಿಂದ.

ಯುಗಾದಿಯ ಆ ಮಧ್ಯಾಹ್ನಕ್ಕೆ ಮರಳುತ್ತೇನೆ. ಹಾಡು ಮುಗಿದ ಮೇಲೆ ಅತ್ತೆ ಇಯರ್‌ಫೋನ್ ಕೈಗೆ ಕೊಟ್ಟು, ಹುಣಸೆಹಣ್ಣಿನ ಮೊರ ಸರಿಸಿ ಎದ್ದರು. ‘ಬಾ ಇಲ್ಲಿ’ ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ನುಗ್ಗೆಮರದ ಬುಡದಲ್ಲಿ, ಬಚ್ಚಲ ನೀರು ಹರಿಯುವ ಕಡೆ ರಾಗಿಕಲ್ಲು ಬಿದ್ದಿತ್ತು. ಮೇಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಇಬ್ಬರೂ ಸೇರಿ ನೀರು ಹೊಯ್ದು ತೊಳೆದೆವು, ಬಿಸಿಲಿಗೆ ಆರಲು ಬಿಟ್ಟೆವು. ಸಂಜೆ ಒಣಗೂಟ ಹುಡುಕಿ ಹೊಡೆದು ಕೂರಿಸಿದರು. ಒಂದು ಸೇರು ರಾಗಿ ತಂದರು. ಕಲ್ಲು ಕುಟ್ಟಿಸಿ ಎಷ್ಟು ವರ್ಷವಾಗಿತ್ತೋ, ಮೊದಲ ಸುತ್ತಿಗೆ ಬರೀ ನುಚ್ಚು ಉದುರಿತು. ಅತ್ತೆ ಸೆರಗು ಸಿಕ್ಕಿಸಿ, ಕಾಲು ಚಾಚಿ ಕೂತರು. ಗುಡುಗು ನೆಲದಿಂದ ಎದ್ದು ನನ್ನ ಮಂಡಿಗೆ ಬಂತು, ಸೊಂಟಕ್ಕೆ ಬಂತು. ಎಪ್ಪತ್ತು ದಾಟಿದ ದನಿ ಮೊದಲ ಸಾಲಿಗೆ ಒಡೆಯಿತು. ಎರಡನೆಯ ಸಾಲಿಗೆ ಹಾದಿ ಹಿಡಿಯಿತು. ಮೂರನೆಯದಕ್ಕೆ ಒಳಗಿದ್ದ ಸೊಸೆ ಬಾಗಿಲಿಗೆ ಬಂದು ನಿಂತಳು.

‘ಒಬ್ಳೇ ಆಗಕ್ಕಿಲ್ಲ ಕಣ್ ಮಗ’ ಅಂದರು ಅತ್ತೆ, ತಿರುಗಿಸುವುದನ್ನು ನಿಲ್ಲಿಸದೆ. ‘ಆಕಡೆ ಕುಂತ್ಕಂಡು ಗೂಟ ಇಡ್ಕೊ. ನಾನು ಎತ್ತಿದ್ದ ನೀನು ಯೋಳು.’

ಕೂತು ಗೂಟ ಹಿಡಿದೆ.